ತಂತಿಯಲ್ಲಿ ಹೋದ ಮೂರನೆಯ ಪದ

೧೯೬೧ನೆಯ ಇಸವಿಯಲ್ಲಿ ನನಗೆ ನಲವತ್ತನಾಲ್ಕು ವರ್ಷ. ಶಾಲೆಯ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಮಂಗಳೂರಿನ ಕಂಕನಾಡಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಪತ್ರವ್ಯವಹಾರದ ಗುಮಾಸ್ತನಾಗಿ ಸೇರಿ ಐದು ವರ್ಷಗಳಾಗಿದ್ದವು. ನನಗೆ ಮುಖ್ಯವಾಗಿ ಎರಡು ಕೆಲಸಗಳಿದ್ದವು. ತಿರುಳು ಕೊಳ್ಳುತ್ತಿದ್ದ ನ್ಯೂಯಾರ್ಕಿನ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ಒಂದು. ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಪೂರ್ವ ಆಫ್ರಿಕದ ಬಂದರೊಂದರಲ್ಲಿ ಕುಳಿತು ನಮಗಾಗಿ ಹಸಿಬೀಜ ಕೊಳ್ಳುತ್ತಿದ್ದ ಏಜೆಂಟನಿಗೆ ತಂತಿ ಕಳುಹಿಸುವುದು ಇನ್ನೊಂದು.

ನಮ್ಮ ಜಿಲ್ಲೆಯ ಬೀಜ ಮಳೆಗಾಲ ಕಳೆಯುವುದರೊಳಗೆ ಮುಗಿದುಹೋಗುತ್ತಿತ್ತು. ಅನಂತರ ಹುರಿಯುವ ಒಲೆ ಉರಿಯಬೇಕಾದರೆ, ಸಿಪ್ಪೆಯ ಎಣ್ಣೆ ಸುಡದಂತೆ ಬೂದಿ ಸವರಿದ ಕೈಗಳಲ್ಲಿ ಕೊಡತಿ ಹಿಡಿದು ಬೀಜ ಒಡೆಯುವ ಹೆಂಗಸರಿಗೆ ಕೂಲಿ ಸಿಗಬೇಕಾದರೆ, ಆಫ್ರಿಕದ ಹಡಗು ಬರಲೇಬೇಕು. ಹಡಗು ದೂರದ ಸಮುದ್ರದಲ್ಲಿ ಲಂಗರು ಹಾಕುತ್ತಿತ್ತು; ಗೋಣಿಗಳು ಮಂಜಿ ಎಂಬ ಸರಕಿನ ದೋಣಿಗಳಲ್ಲಿ ಬಂದರಕ್ಕೆ ಬರುತ್ತಿದ್ದವು. ಎಷ್ಟು ಕೊಳ್ಳಬೇಕು, ಯಾವ ಬೆಲೆಗೆ, ಯಾವ ಹಡಗಿಗೆ ಹೇರಬೇಕು ಎಂಬುದೆಲ್ಲ ನನ್ನ ತಂತಿಯ ಮೂಲಕವೇ ಹೋಗುತ್ತಿತ್ತು.

ಆ ಏಜೆಂಟನು ಮಂಗಳೂರಿನ ಬಂದರದ ಬ್ಯಾರಿ ಮುಸಲ್ಮಾನ ಮನೆತನದವನು. ನಾನು ಕಲಿಸುತ್ತಿದ್ದ ಶಾಲೆಯಲ್ಲಿ, ನನ್ನ ತರಗತಿಯಲ್ಲಿಯೇ ಓದಿದವನು. ನಾನು ಕಾರ್ಖಾನೆಗೆ ಸೇರಿದ ವರ್ಷ ಧಣಿಗಳು ಆಫ್ರಿಕಕ್ಕೆ ಹೋಗಬಲ್ಲ ನಂಬಿಗಸ್ತನೊಬ್ಬನನ್ನು ಹುಡುಕುತ್ತಿದ್ದಾಗ ಅವನ ಹೆಸರನ್ನು ಸೂಚಿಸಿದವನು ನಾನು. ವಿದ್ಯಾರ್ಥಿಯಾಗಿದ್ದಾಗ ಅವನಿಗೆ ನಾನು ಕಲಿಸಿದ ನಿಯಮ ಒಂದಿತ್ತು: ಅರ್ಥ ತಿಳಿಯದ ಪದ ಎದುರಾದರೆ ತಿಳಿದವನಂತೆ ಮುಂದೆ ಹೋಗಬಾರದು, ನಿಂತು ಕೇಳಬೇಕು. ತಪ್ಪು ಉತ್ತರಕ್ಕಿಂತ ನಟನೆಗೆ ನಾನು ಹೆಚ್ಚು ಶಿಕ್ಷಿಸುತ್ತಿದ್ದೆ. ಅವನು ಆ ನಿಯಮವನ್ನು ಮರೆತಿರಲಿಲ್ಲ.

ತಂತಿಯ ವಿಧಾನವನ್ನು ಸ್ವಲ್ಪ ವಿವರಿಸಬೇಕು. ಪರದೇಶದ ತಂತಿಗೆ ಪದದ ಲೆಕ್ಕದಲ್ಲಿ ದರ. ಆದುದರಿಂದ ದೊಡ್ಡ ವ್ಯಾಪಾರಿಗಳೆಲ್ಲ ಸಂಕೇತಪದಗಳನ್ನು ಇಟ್ಟುಕೊಂಡಿರುತ್ತಾರೆ. ಐದು ರೋಮನ್ ಅಕ್ಷರಗಳ ಒಂದು ಪದ ಒಂದು ಇಡೀ ವಾಕ್ಯಕ್ಕೆ ಸಮ. ನಾನು ಸೇರುವ ಮೊದಲು ಕಾರ್ಖಾನೆಯಲ್ಲಿ ವಿಲಾಯತಿಯಲ್ಲಿ ಅಚ್ಚಾದ ಹಳೆಯ ಸಂಕೇತಕೋಶವೊಂದಿತ್ತು. ಅದರ ಪದಗಳಿಗೆ ಹಿಂದಿಲ್ಲ ಮುಂದಿಲ್ಲ, ಉಚ್ಚರಿಸುವುದೂ ಕಷ್ಟ. ಅದನ್ನು ಬದಿಗಿಟ್ಟು ನಾನೇ ಒಂದನ್ನು ರಚಿಸಿದೆ. ಬೆಲೆಯ ವಾಕ್ಯಗಳಿಗೆ ಮರಗಿಡಗಳ ಹೆಸರು, ತೂಕಕ್ಕೆ ಹಕ್ಕಿಗಳ ಹೆಸರು, ಹಡಗಿನ ವಿಷಯಕ್ಕೆ ನಕ್ಷತ್ರಗಳ ಹೆಸರು. ‘ಹೊನ್ನೆ’ ಎಂದರೆ ‘ನೀವು ತಿಳಿಸಿದ ಬೆಲೆಗೆ ಕೊಳ್ಳಿರಿ’. ‘ಬಿಲ್ವ’ ಎಂದರೆ ‘ಬೆಲೆ ಇಳಿಯುವವರೆಗೆ ಕಾಯಿರಿ’. ಪ್ರತಿವರ್ಷ ನವೆಂಬರಿನಲ್ಲಿ ಹೊಸ ಪದಗಳ ಪುರವಣಿಯೊಂದನ್ನು ಬೆರಳಚ್ಚು ಮಾಡಿ ಏಜೆಂಟನಿಗೆ ಹಡಗಿನ ಅಂಚೆಯಲ್ಲಿ ಕಳುಹಿಸುತ್ತಿದ್ದೆ. ಬಂದರದ ಬೇರೆ ಯಾವ ಗುಮಾಸ್ತನೂ ಇಂಥದನ್ನು ಮಾಡಿರಲಿಲ್ಲ. ಅದನ್ನು ನಾನು ಮನಸ್ಸಿನಲ್ಲಿ ಆಗಾಗ ನೆನೆಯುತ್ತಿದ್ದೆ ಎಂಬುದನ್ನೂ ಹೇಳಿಬಿಡಬೇಕು.

ಆ ವರ್ಷ ನವೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ನಮ್ಮವರ ಮೇಲೆ ಗುಂಡು ಹಾರಿಸಿದ ಸುದ್ದಿ ಬಂತು. ಗೋವೆಯ ವಿಷಯದಲ್ಲಿ ನಮ್ಮ ಸರ್ಕಾರ ಹದಿನಾಲ್ಕು ವರ್ಷ ಮಾತಿನಿಂದಲೇ ಕೇಳುತ್ತ ಬಂದಿತ್ತು. ಇನ್ನು ಕೇಳಲಾರದೆಂದು ಎಲ್ಲರಿಗೂ ತೋರಿತು. ಯುದ್ಧವಾದರೆ ಪೋರ್ಚುಗೀಸರ ಬಂದರದಿಂದ ನಮಗೆ ಬೀಜ ಬರುವುದುಂಟೆ? ಆದುದರಿಂದ ಆ ವರ್ಷದ ಪುರವಣಿಯಲ್ಲಿ ಹೊಸ ಪದವೊಂದನ್ನು ಸೇರಿಸಿದೆ: ‘ಸಿಡಿಲ್’. ಅರ್ಥ: ‘ಗೋವೆಯಲ್ಲಿ ಯುದ್ಧ ಸನ್ನಿಹಿತವಾಗಿದೆ, ಕೊಂಡಿರುವಷ್ಟನ್ನೂ ಮೊದಲು ಸಿಕ್ಕುವ ಹಡಗಿಗೆ ಹೇರಿರಿ.’ ಸಂಕೇತಪದವು ತನ್ನ ಅರ್ಥವನ್ನು ಎಳ್ಳಷ್ಟೂ ಸೂಚಿಸಬಾರದೆಂಬುದು ಈ ವಿದ್ಯೆಯ ಮೊದಲ ಪಾಠ. ಅದು ನನಗೆ ತಿಳಿದಿತ್ತು. ಆದರೂ ಪದ ಬಹಳ ಸೊಗಸಾಗಿ ಒಪ್ಪಿತೆಂದು ಬಿಡಲಾಗಲಿಲ್ಲ.

ಡಿಸೆಂಬರಿನ ಎರಡನೆಯ ವಾರದಲ್ಲಿ ಹುಬ್ಬಳ್ಳಿಯಿಂದ ನಮ್ಮ ವರ್ತಕರೊಬ್ಬರು ಟ್ರಂಕ್ ಕಾಲ್ ಮಾಡಿದರು. ಸರಕಿಗೆ ವ್ಯಾಗನ್ ಸಿಗುತ್ತಿಲ್ಲ, ಬೆಳಗಾವಿಯ ಕಡೆಗೆ ಬರಿಯ ಮಿಲಿಟರಿ ಲಾರಿಗಳು ಎಂದರು. ಧಣಿಗಳು ನನ್ನನ್ನು ಕರೆದು, ಆಫ್ರಿಕಕ್ಕೆ ಈಗಲೇ ತಂತಿ ಕೊಡಬೇಕು, ಬೇಗ ಹೇರು ಎಂದು ಸಾದಾ ಇಂಗ್ಲಿಷಿನಲ್ಲಿ ಬರೆದರೂ ಸಾಕು ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು, ಅದಕ್ಕೆಂದೇ ಪದ ಉಂಟು, ಒಂದೇ ಪದದಲ್ಲಿ ಮುಗಿಯುತ್ತದೆ ಎಂದೆ. ಮೂರು ಪದಗಳ ತಂತಿ ಹೋಯಿತು: ಮೊದಲನೆಯದು ತೂಕದ್ದು, ಎರಡನೆಯದು ಹಡಗಿನದು, ಮೂರನೆಯದು ಸಿಡಿಲ್.

ಒಂದು ದಿನ ಬಿಟ್ಟು ಏಜೆಂಟನಿಂದ ಮರುತಂತಿ ಬಂತು: ಮೂರನೆಯ ಪದವನ್ನು ಮತ್ತೊಮ್ಮೆ ಕಳುಹಿಸಿರಿ.

ಇದನ್ನು ಓದಿದ ಕ್ಷಣವೇ ನನಗೆ ಅರ್ಥವಾಗಬೇಕಿತ್ತು, ಅರ್ಥವಾಯಿತು ಕೂಡ. ಪುರವಣಿ ಅವನ ಕೈಸೇರಿಲ್ಲ. ಅವನ ಬಳಿ ಇರುವ ಪಟ್ಟಿಯಲ್ಲಿ ಆ ಪದವಿಲ್ಲ. ಆಗಲಾದರೂ ಸಾದಾ ಮಾತಿನಲ್ಲಿ ಬೇಗ ಹೇರು ಎಂದು ಕಳುಹಿಸಬಹುದಾಗಿತ್ತು. ಆದರೆ ತಂತಿಯ ವ್ಯವಹಾರದಲ್ಲಿ ಪುನರುಕ್ತಿ ಕೇಳಿದರೆ ಪುನರುಕ್ತಿಯನ್ನೇ ಕೊಡಬೇಕು, ವಿವರಣೆಯನ್ನಲ್ಲ ಎಂಬ ಕ್ರಮವನ್ನು ನಾನು ಹಿಡಿದುಕೊಂಡೆ. ಅಂಚೆ ಇಂದೋ ನಾಳೆಯೋ ಸಿಕ್ಕೀತು, ನೋಡಿಕೊಳ್ಳಲಿ ಎಂದುಕೊಂಡೆ. ‘ಮೂರನೆಯ ಪದ ಸಿಡಿಲ್, ಸರಿಯಾಗಿದೆ’ ಎಂದು ಉತ್ತರ ಕೊಟ್ಟೆ.

ಡಿಸೆಂಬರ್ ಹದಿನೆಂಟರಂದು ನಮ್ಮ ಸೈನ್ಯ ಗೋವೆಯನ್ನು ಪ್ರವೇಶಿಸಿತು. ಮರುದಿನ ಎಲ್ಲವೂ ಮುಗಿಯಿತು. ಹಂಪನಕಟ್ಟೆಯಲ್ಲಿ ಪಟಾಕಿ ಸುಟ್ಟರು. ಕಾರ್ಖಾನೆಯ ಹೆಂಗಸರಿಗೆ ಧಣಿಗಳು ಸಿಹಿ ಹಂಚಿಸಿದರು. ನನಗೂ ಸಂತೋಷವಾಯಿತು. ಗೋವೆ ನಮ್ಮದೆಂಬ ವಿಷಯದಲ್ಲಿ ಅಂದಿಗೂ ಇಂದಿಗೂ ನನಗೆ ಸಂದೇಹವಿಲ್ಲ. ಆ ದಿನದಿಂದ ಆಫ್ರಿಕದ ಏಜೆಂಟನಿಗೆ ತಂತಿ ಹೋಗುವುದೂ ಬರುವುದೂ ನಿಂತಿತು.

ಜನವರಿಯ ಮೊದಲಿಗೆ ನ್ಯೂಯಾರ್ಕಿನ ಖರೀದಿದಾರರ ಪತ್ರ ಬಂತು. ಬೀಜದ ಗಾತ್ರದ ಬಗ್ಗೆ ಎರಡು ಸಾಲು ಬರೆದು, ಮೂರನೆಯ ಸಾಲಿನಲ್ಲಿ, ಶಾಂತಿಯ ಉಪದೇಶವನ್ನು ಜಗತ್ತಿಗೆಲ್ಲ ರಫ್ತು ಮಾಡುತ್ತಿದ್ದ ದೇಶದಲ್ಲಿ ಈಗ ಆ ಸರಕು ಮುಗಿದುಹೋಯಿತೇ ಎಂದು ಕೇಳಿದ್ದರು. ನನಗೆ ಮೈ ಉರಿಯಿತು. ಪಂಚಶೀಲದ ಐದು ತತ್ತ್ವಗಳನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ ಮಾಷ್ಟ್ರು ನಾನು. ಎರಡು ಪುಟಗಳ ಉತ್ತರವನ್ನು ಸಿದ್ಧಪಡಿಸಿದೆ: ನಾವು ಎಷ್ಟು ಕಾಲ ಕಾದೆವು, ವಿಶ್ವಸಂಸ್ಥೆಯಲ್ಲಿ ಹೇಗೆ ಮಾತಾಡಿದೆವು, ನಮ್ಮ ಮಾತಿಗೂ ನಡತೆಗೂ ಅಂತರವೇ ಇಲ್ಲ, ಇತ್ಯಾದಿ. ಧಣಿಗಳು ಅದನ್ನು ಓದಿ ಕನ್ನಡಕ ತೆಗೆದರು.

“ನಾವು ಮಾರುವುದು ಗೇರುಬೀಜ ಅಲ್ವಾ ಮಾಷ್ಟ್ರೇ? ಇದನ್ನು ಡೆಲ್ಲಿಯವರು ಬರೀಲಿ ಮಾರಾಯ್ರೆ. ನೀವು ತೂಕದ ಬಗ್ಗೆ ಬರೀರಿ.”

ನಾನು ತೂಕದ ಬಗ್ಗೆ ಬರೆದೆ. ಆದರೆ ಕೊನೆಯಲ್ಲಿ ಒಂದು ವಾಕ್ಯವನ್ನು ಉಳಿಸಿಕೊಂಡೆ: ಭಾರತವು ಅಸತ್ಯವನ್ನು ಆಡುವ ರಾಷ್ಟ್ರವಲ್ಲ.

ಅದೇ ತಿಂಗಳು ಮೊಂಬಾಸಾದ ಗುಜರಾತಿ ವರ್ತಕರೊಬ್ಬರಿಂದ ಸುದ್ದಿ ತಿಳಿಯಿತು. ಪೋರ್ಚುಗೀಸರು ತಮ್ಮ ಆಫ್ರಿಕದಲ್ಲಿದ್ದ ಭಾರತೀಯರನ್ನೆಲ್ಲ ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿದ್ದಾರೆ. ಅಂಗಡಿಗಳಿಗೆ ಮುದ್ರೆ ಬಿದ್ದಿದೆ. ನಿಮ್ಮ ಏಜೆಂಟನೂ ಒಳಗಿದ್ದಾನೆ. ಅವನ ಮೇಲೆ ಮಾತ್ರ ಬೇರೆ ತನಿಖೆ ನಡೆಯುತ್ತಿದೆ, ಗುಪ್ತ ಭಾಷೆಯ ತಂತಿಗಳ ಬಗ್ಗೆ ಕೇಳುತ್ತಿದ್ದಾರೆ ಎಂದು.

ಏಜೆಂಟನ ಅಣ್ಣ ಬಂದರದಲ್ಲಿ ಹಗ್ಗ ಮತ್ತು ಒಣಮೀನಿನ ಅಂಗಡಿ ಇಟ್ಟಿದ್ದರು. ಅವರು ಕಾರ್ಖಾನೆಗೆ ಬಂದರು. ಧಣಿಗಳ ಎದುರು ಕುಳಿತುಕೊಳ್ಳದೆ ನನ್ನ ಮೇಜಿನ ಬಳಿ ನಿಂತರು. ತಮ್ಮನಿಗೆ ಏನಾದೀತು ಎಂದು ಕೇಳಲಿಲ್ಲ. ಏನು ಮಾಡಬಹುದು ಎಂದು ಕೇಳಿದರು. ನಾನು ವಿಚಾರಿಸಿದೆ. ಪೋರ್ಚುಗೀಸರೊಂದಿಗೆ ನಮಗೆ ರಾಯಭಾರವಿರಲಿಲ್ಲ. ನಮ್ಮ ದೇಶದ ಹಿತವನ್ನು ಮೂರನೆಯ ದೇಶವೊಂದು ನೋಡಿಕೊಳ್ಳುತ್ತಿತ್ತು. ಕ್ರಮ ಹೀಗೆ: ನಾವು ಇಲ್ಲಿ ಪ್ರಮಾಣಪತ್ರ ಮಾಡಿಸಿ ಸಂಕೇತಗಳ ಅರ್ಥವನ್ನು ಸಲ್ಲಿಸಬೇಕು; ಅದು ಜಿಲ್ಲಾ ಕಚೇರಿಯಿಂದ ದೆಹಲಿಯ ವಿದೇಶಾಂಗ ಇಲಾಖೆಗೆ ಹೋಗಬೇಕು; ಅಲ್ಲಿನವರು ಒಪ್ಪಿ ತಮ್ಮ ಮೇಲ್ಬರಹದೊಂದಿಗೆ ಆ ಮೂರನೆಯ ದೇಶದ ರಾಯಭಾರಿಗೆ ಒಪ್ಪಿಸಬೇಕು.

ಬರೆಯಲು ಕುಳಿತಾಗ ಮೂರನೆಯ ಪದದ ಮುಂದೆ ಕೈ ನಿಂತಿತು. ನಿಜವಾದ ಅರ್ಥವನ್ನು ಬರೆದರೆ, ಸೈನ್ಯದ ಚಲನೆಯ ಸುದ್ದಿಯನ್ನು ನಾವು ಶತ್ರುವಿನ ಬಂದರಕ್ಕೆ ತಂತಿಯಲ್ಲಿ ಕಳುಹಿಸಿದೆವೆಂದು ನಾವೇ ಸಹಿ ಹಾಕಿ ಒಪ್ಪಿಕೊಂಡಂತೆ. ಅಲ್ಲಿ ಅವನಿಗೆ ಕಷ್ಟ. ಇಲ್ಲಿ ನಮಗೂ ಕಷ್ಟ. ಧಣಿಗಳು ಬಾಗಿಲು ಹಾಕಿಕೊಂಡು ಬಂದರು. ಆ ಪದಕ್ಕೆ ಬೆಲೆಯ ಅರ್ಥವನ್ನೇ ಕೊಡಿ, ಬೆಲೆ ಏರುತ್ತದೆ, ಬೇಗ ಹೇರಿ ಎಂದರೆ ಯಾರಿಗೇನು ನಷ್ಟ ಎಂದರು. ನನಗೂ ಹಾಗೆಯೇ ಕಂಡಿತು. ಹುಡುಗನನ್ನು ಬಿಡಿಸುವುದಕ್ಕಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಐದು ವರ್ಷಗಳ ಹಿಂದಿನ ಮೊದಲ ಪಟ್ಟಿಯ ಹಾಳೆಯನ್ನು ಹೊಸದಾಗಿ ಬೆರಳಚ್ಚು ಮಾಡಿದೆ. ‘ಸಿಡಿಲ್’ ಎಂಬುದನ್ನು ಮರಗಳ ಸಾಲಿನ ಕೊನೆಗೆ ತಂದೆ. ಪ್ರಮಾಣಪತ್ರದ ಭಾಷೆಯನ್ನು ಮೂರು ಸಲ ತಿದ್ದಿದೆ. ಅಷ್ಟು ಶುದ್ಧವಾದ ಇಂಗ್ಲಿಷನ್ನು ನಾನು ಹಿಂದೆ ಬರೆದಿರಲಿಲ್ಲ. ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿ ಸಹಿ ಹಾಕಿದೆ.

ಫೆಬ್ರವರಿಯಲ್ಲಿ ದೆಹಲಿಯಿಂದ ಆ ಮೇಲ್ಬರಹದ ಪ್ರತಿ ಬಂತು. ಸಿಂಹಗಳ ಮುದ್ರೆಯಿದ್ದ ಕಾಗದದಲ್ಲಿ, ಈ ತಂತಿಗಳು ಕೇವಲ ವಾಣಿಜ್ಯ ಸಂಬಂಧವಾದವೆಂದು ಭಾರತ ಸರ್ಕಾರಕ್ಕೆ ಮನವರಿಕೆಯಾಗಿದೆ ಎಂದು ಬರೆದಿತ್ತು. ಅಣ್ಣನಿಗೆ ಅದನ್ನು ಓದಿ ಹೇಳಿದೆ. ಮರುದಿನ ಬೆಳಿಗ್ಗೆ ಬಿಜೈಯ ನನ್ನ ಮನೆಗೆ ಅವರು ಒಂದು ದೊಡ್ಡ ಅಂಜಲ್ ಮೀನನ್ನು ಕಳುಹಿಸಿದರು. ಮನೆಯವಳು ಸಂಭ್ರಮದಿಂದ ಪದಾರ್ಥ ಮಾಡಿದಳು. ಎರಡು ತುತ್ತಿನ ಮೇಲೆ ನನಗೆ ಸೇರಲಿಲ್ಲ. ಏನಾಯಿತೆಂದು ಅವಳು ಕೇಳಿದಳು, ಮುಳ್ಳು ಎಂದೆ. ಅಂಜಲಿನಲ್ಲಿ ಎಂತಹ ಮುಳ್ಳು ಎಂದು ಮಕ್ಕಳು ನಕ್ಕರು.

ಪೋರ್ಚುಗೀಸರ ಉತ್ತರ ಬಂದದ್ದು ಮಾರ್ಚ್ ಕೊನೆಗೆ. ಜಿಲ್ಲಾ ಕಚೇರಿಯಿಂದ ಕರೆ ಬಂತು, ಓದಲು ಕೊಟ್ಟರು. ಆಪಾದಿತನು ಮೊದಲ ದಿನದಿಂದಲೂ ಮೂರನೆಯ ಪದದ ಅರ್ಥ ತನಗೆ ತಿಳಿಯದೆಂದೂ, ಅದು ತನ್ನ ಪಟ್ಟಿಯಲ್ಲಿ ಇಲ್ಲವೆಂದೂ, ಆದುದರಿಂದಲೇ ಅದನ್ನು ಮತ್ತೊಮ್ಮೆ ಕೇಳಿದೆನೆಂದೂ ಹೇಳುತ್ತ ಬಂದಿದ್ದಾನೆ. ಶಿಬಿರದಲ್ಲಿದ್ದ ಕನ್ನಡ ಬಲ್ಲವನೊಬ್ಬನನ್ನು ಕರೆಸಿ ಕೇಳಲಾಗಿ ಆ ಪದಕ್ಕೆ ಆಕಾಶದಿಂದ ಬೀಳುವ ಬೆಂಕಿ ಎಂದರ್ಥವೆಂದು ತಿಳಿದುಬಂದಿದೆ. ಈಗ ಭಾರತ ಸರ್ಕಾರವೇ ಅದು ಐದು ವರ್ಷಗಳಿಂದ ಬಳಕೆಯಲ್ಲಿರುವ ಬೆಲೆಯ ಪದಗಳಲ್ಲಿ ಒಂದೆಂದು ದೃಢಪಡಿಸಿರುವುದರಿಂದ, ಆಪಾದಿತನು ಸುಳ್ಳು ಹೇಳುತ್ತಿರುವುದು ಸಿದ್ಧವಾಗಿದೆ. ಅವನನ್ನು ಶಿಬಿರದಿಂದ ಸೆರೆಮನೆಗೆ ವರ್ಗಾಯಿಸಲಾಗಿದೆ.

ಮಕ್ಕಳ ಉತ್ತರಪತ್ರಿಕೆಗಳಲ್ಲಿ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದವನು ನಾನು. ಅವನು ತಿಳಿಯದೆಂದು ಹೇಳುತ್ತಿರಬಹುದು ಎಂಬ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಹಾಗೆ ಹೇಳಲು ಅವನಿಗೆ ಕಲಿಸಿದವನೇ ನಾನು.

ಇದರ ಜೊತೆಗೆ ನ್ಯೂಯಾರ್ಕಿನಿಂದ ಒಂದು ಪತ್ರಿಕೆಯ ತುಣುಕು ಬಂತು. ಪೋರ್ಚುಗೀಸರ ಹೇಳಿಕೆಯನ್ನು ಆಧರಿಸಿ, ಭಾರತದ ವ್ಯಾಪಾರಿಗಳು ಗುಪ್ತ ಭಾಷೆಯಲ್ಲಿ ಬೇಹು ನಡೆಸುತ್ತಿದ್ದರೆಂದೂ ಸರ್ಕಾರ ಅದನ್ನು ಮುಚ್ಚಿಡುತ್ತಿದೆಯೆಂದೂ ನಾಲ್ಕು ಸಾಲು ಅಚ್ಚಾಗಿತ್ತು. ಖರೀದಿದಾರರು ಏನನ್ನೂ ಬರೆದಿರಲಿಲ್ಲ. ನನ್ನ ಹಿಂದಿನ ಪತ್ರದ ಕೊನೆಯ ವಾಕ್ಯಕ್ಕೆ ಅದೇ ಅವರ ಉತ್ತರವಾಗಿತ್ತು.

ಸೆರೆಮನೆಯ ಸುದ್ದಿಯನ್ನು ಬಂದರದ ಮನೆಗೆ ತಿಳಿಸಬೇಕಾಗಿತ್ತು. ಧಣಿಗಳು, ನಾನು ಹೋಗಲಾರೆ, ನೀವು ಹೋಗಿ ಎಂದರು. ನಾನು ಹೋಗಿ ಅಣ್ಣನಿಗೆ ಹೇಳಿದೆ. ಅಲ್ಲಿಯವರು ಅವನ ಮಾತನ್ನು ನಂಬುತ್ತಿಲ್ಲವಂತೆ ಎಂದು ಮಾತ್ರ ಹೇಳಿದೆ. ಒಳಬಾಗಿಲಿನ ಪರದೆಯ ಹಿಂದೆ ಅವರ ತಾಯಿ ಇದ್ದರು. ಮಗನ ಆರೋಗ್ಯ, ಊಟ ಯಾವುದನ್ನೂ ಅವರು ವಿಚಾರಿಸಲಿಲ್ಲ. ತುಳುವಿನಲ್ಲಿ ನನ್ನನ್ನೇ ಕೇಳಿದರು:

“ನನ್ನ ಮಗ ಸುಳ್ಳು ಹೇಳಿದನಾ ಮಾಷ್ಟ್ರೇ?”

ಅಣ್ಣ ನನ್ನ ಮುಖ ನೋಡಿದರು. ವಿಚಾರಣೆ ಇನ್ನೂ ಮುಗಿದಿಲ್ಲ, ನೋಡುವ ಎಂದು ಹೇಳಿ ಎದ್ದೆ. ಹೊರಗೆ ಮಂಜಿಗಳಿಗೆ ಹಂಚು ಹೇರುತ್ತಿದ್ದರು. ಬಂದರದಿಂದ ಕಂಕನಾಡಿಯವರೆಗೂ ನಡೆದೇ ಬಂದೆ. ಕಾರ್ಖಾನೆ ತಲುಪುವ ಹೊತ್ತಿಗೆ ಮಾಡಬೇಕಾದುದು ನಿಶ್ಚಯವಾಗಿತ್ತು. ಅವನು ಹೇಳಿದ್ದು ಸತ್ಯವೆಂದು ಸ್ಥಾಪಿಸಲು ಒಂದೇ ದಾರಿ: ಆ ಪದ ಹೊಸದು, ಅದನ್ನು ಅವನಿಗೆ ತಿಳಿಸಿರಲಿಲ್ಲ, ಅದರ ಅರ್ಥ ಯುದ್ಧ, ಅದನ್ನು ರಚಿಸಿದವನೂ ಕಳುಹಿಸಿದವನೂ ಆಮೇಲೆ ಅದರ ಅರ್ಥವನ್ನು ಬದಲಾಯಿಸಿದವನೂ ನಾನು ಎಂದು ಹೇಳುವುದು.

ಧಣಿಗಳಿಗೆ ಅದನ್ನೇ ತಿಳಿಸಿದೆ. ಆಫ್ರಿಕದ ಬೀಜ ನಿಂತು ಆಗಲೇ ಕಾರ್ಖಾನೆ ವಾರದಲ್ಲಿ ಮೂರು ದಿನ ಮಾತ್ರ ನಡೆಯುತ್ತಿತ್ತು.

“ಹೋಗಿ, ಬೇಡ ಅಂತ ಹೇಳುವುದಿಲ್ಲ. ಆದರೆ ಹೇಳುವಾಗ ಒಡೆಯುವ ಶೆಡ್ಡಿನ ಹೆಂಗಸರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬೀಗ ಬಿದ್ದರೆ ಅವರಿಗೆ ಎಂತ ಉಂಟು?”

ಅದು ನ್ಯಾಯವಾದ ಮಾತು. ಸುಳ್ಳು ಅರ್ಥದ ಸೂಚನೆ ಧಣಿಗಳದ್ದೆಂಬುದನ್ನು ನಾನು ಹೇಳಿಕೆಯಲ್ಲಿ ಸೇರಿಸಲಿಲ್ಲ. ಅದನ್ನು ವಾಕ್ಯಗಳಾಗಿ ಕಟ್ಟಿದವನು ನಾನೇ ಆದುದರಿಂದ, ಸೇರಿಸಬೇಕೆಂದು ನನಗೆ ತೋರಲೂ ಇಲ್ಲ.

ನನ್ನ ಹೇಳಿಕೆಯನ್ನು ತೆಗೆದುಕೊಂಡ ಪೊಲೀಸ್ ಅಧಿಕಾರಿ ಘಟ್ಟದ ಮೇಲಿನವರು, ಮೈಸೂರಿನ ಕಡೆಯವರು. ಮಧ್ಯಾಹ್ನದ ಹೊತ್ತು. ಅವರು ನನಗೆ ಕುರ್ಚಿ ಕೊಟ್ಟರು, ಮೊದಲಿಂದ ಕೊನೆಯವರೆಗೆ ಕೇಳಿದರು. ಆಮೇಲೆ ಪೆನ್ನನ್ನು ಕೆಳಗಿಟ್ಟರು.

“ಮಿಲಿಟರಿ ಸುದ್ದಿ ತಂತೀಲಿ ಕಳಿಸಿದ್ರಿ, ಅದೊಂದು. ಪ್ರಮಾಣ ಮಾಡಿ ಸುಳ್ಳು ಹೇಳಿದ್ರಿ, ಅದು ಎರಡು. ಇವೆರಡಕ್ಕೂ ಸೆಕ್ಷನ್ ಇದೆ ಮೇಷ್ಟ್ರೇ, ನಾನು ನೋಡ್ಕೋತೀನಿ. ಮೂರನೇದಕ್ಕೆ ನನ್ನ ಹತ್ರ ಸೆಕ್ಷನ್ ಇಲ್ಲ. ಆ ಸುಳ್ಳನ್ನ ನೀವು ಸರ್ಕಾರದ ಬಾಯಿಂದ ಹೇಳಿಸಿದ್ದೀರಿ.”

ಅವರು ಎದುರಿದ್ದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

“ಈಗಾಗ್ಲೇ ಪ್ರಪಂಚವೆಲ್ಲ ನಮ್ಮನ್ನ ಆಡ್ಕೋತಿದೆ. ಶಾಂತಿ ಅಂತ ಹೇಳಿ ಸೈನ್ಯ ನುಗ್ಗಿಸಿದ್ರು ಅಂತ. ಈ ಹೊತ್ತಲ್ಲಿ ನಮ್ಮ ಸರ್ಕಾರ ಪೋರ್ಚುಗೀಸರ ಮುಂದೆ ಹೋಗಿ, ಹೋದ ತಿಂಗಳು ನಾವು ಹೇಳಿದ್ದು ತಪ್ಪು ಅನ್ನಬೇಕಾ? ಒಬ್ಬ ಬೀಜದ ವ್ಯಾಪಾರಿಗೋಸ್ಕರ?”

ಅವರು ನನ್ನನ್ನು ಹಂಗಿಸುವುದಕ್ಕಾಗಿ ಕೇಳಿರಲಿಲ್ಲ. ದೆಹಲಿಯಲ್ಲಿ ತಮ್ಮ ಮೇಲಿನವರು ಕೇಳಲಿರುವ ಪ್ರಶ್ನೆಯನ್ನೇ ನನ್ನ ಮುಂದಿಟ್ಟಿದ್ದರು. ದೇಶ ದೊಡ್ಡದಾಗುತ್ತಿದೆ, ಅದರ ಮಾತಿಗೆ ಬೆಲೆ ಬರುತ್ತಿದೆ ಎಂದು ಹತ್ತು ವರ್ಷ ಹೇಳಿದವನಿಗೆ, ಆ ಬೆಲೆ ಯಾರ ತಲೆಯ ಮೇಲೆ ಬೀಳುತ್ತದೆಂಬ ಯೋಚನೆ ಬಂದಿರಲಿಲ್ಲ. ಕೊನೆಗೆ ಹೇಳಿದೆ:

“ಅಲ್ಲಿ ಸತ್ಯ ಹೇಳುತ್ತಿರುವ ಭಾರತೀಯ ಅವನೊಬ್ಬ ಸರ್. ಸುಳ್ಳುಗಾರ ಅಂತ ಅವನನ್ನು ಒಳಗೆ ಹಾಕಿಸಿದ್ದು ನಮ್ಮ ಕಾಗದ.”

ಅವರು ಹೇಳಿಕೆಯನ್ನು ಪುನಃ ಬರೆಯಲು ಹೇಳಿದರು. ವಾದ ಬೇಡ, ವಿಶೇಷಣ ಬೇಡ, ನಡೆದದ್ದಷ್ಟು. ಅರ್ಧ ಪುಟದಲ್ಲಿ ಮುಗಿಯಿತು. ಇಲಾಖೆಯಿಂದ ಉತ್ತರ ಬರುವವರೆಗೂ ಇದನ್ನು ಯಾರಲ್ಲಿಯೂ ಆಡಬಾರದು, ಆ ಮನೆಯವರಲ್ಲಿಯೂ ಸಹ, ಮತ್ತು ತಿಳಿಸದೆ ಊರು ಬಿಡಬಾರದು ಎಂದು ಆಜ್ಞೆ ಮಾಡಿದರು. ಮೊದಲನೆಯ ಆಜ್ಞೆ ನನಗೆ ಬಹಳ ಅನುಕೂಲವಾಯಿತು. ಪರದೆಯ ಹಿಂದಿನ ಪ್ರಶ್ನೆಗೆ ಉತ್ತರ ಕೊಡದಿರಲು ಈಗ ಸರ್ಕಾರದ ಅಪ್ಪಣೆಯೇ ಇತ್ತು. ಬಂದರದ ಆ ದಾರಿಯನ್ನು ಬಿಟ್ಟು ಸುತ್ತಿಕೊಂಡು ಹೋಗುವ ಅಭ್ಯಾಸ ನನಗಾದದ್ದು ಆಗ.

ಏಪ್ರಿಲ್ ಕಳೆಯಿತು. ನಡುವೆ ಎರಡು ಸಲ ಕರೆ ಬಂತು. ಎರಡು ಸಲವೂ ಅದೇ ಪ್ರಶ್ನೆಗಳು, ಅದೇ ಉತ್ತರಗಳು. ದೆಹಲಿಯವರು ತಮ್ಮ ಹಿಂದಿನ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪಲಿಲ್ಲವೆಂದು ಅಧಿಕಾರಿಗಳು ಹೇಳಿದರು. ಆದರೆ ಮಧ್ಯದ ದಾರಿಯೊಂದನ್ನು ಹಿಡಿದರಂತೆ: ನನ್ನ ಹೇಳಿಕೆಯನ್ನು ಒಬ್ಬ ಖಾಸಗಿ ಪ್ರಜೆಯ ಹೇಳಿಕೆಯೆಂದು, ಸರ್ಕಾರದ ಅಭಿಪ್ರಾಯವೇನನ್ನೂ ಸೇರಿಸದೆ, ಮೂರನೆಯ ದೇಶದ ರಾಯಭಾರಿಗೆ ತಲುಪಿಸಿದರು. ಮೊದಲ ಸಲ ಸಿಂಹಗಳ ಮುದ್ರೆಯೊಂದಿಗೆ ಹೋದದ್ದು ಸುಳ್ಳು. ಈಗ ಮುದ್ರೆಯಿಲ್ಲದೆ ಹೋದದ್ದು ಸತ್ಯ. ಆ ಇಲಾಖೆಯವರನ್ನು ನಾನು ದೂರಲಾರೆ. ಮೊದಲನೆಯದಕ್ಕೆ ಮುದ್ರೆ ಹಾಕಿಸಿದವನು ನಾನೇ.

ಮೇ ತಿಂಗಳಲ್ಲಿ, ಗೋವೆಯಲ್ಲಿ ಸೆರೆಸಿಕ್ಕಿದ್ದ ಪೋರ್ಚುಗೀಸ್ ಸೈನಿಕರನ್ನು ಅವರ ದೇಶಕ್ಕೆ ಕಳುಹಿಸಲಾಯಿತು. ಅದಾದ ಮೇಲೆ ಆಫ್ರಿಕದ ಶಿಬಿರಗಳಿಂದ ನಮ್ಮವರನ್ನು ಬಿಡತೊಡಗಿದ ಸುದ್ದಿಗಳು ಬಂದವು. ನಮ್ಮ ಏಜೆಂಟನ ಬಗ್ಗೆ ಮಾತ್ರ ಏನೂ ತಿಳಿಯಲಿಲ್ಲ. ಮಳೆಗಾಲ ಹಿಡಿಯಿತು, ಬಂದರ ಮುಚ್ಚಿತು. ಈ ಮಧ್ಯೆ ಪೊಲೀಸ್ ಅಧಿಕಾರಿಗಳು ನನ್ನನ್ನು ಕರೆಸಿ, ನನ್ನ ಮೇಲೆ ಕ್ರಮ ಬೇಡವೆಂದು ಮೇಲಿನಿಂದ ಆದೇಶ ಬಂದಿದೆ ಎಂದರು. ಕಾರಣ ಹೇಳಲಿಲ್ಲ. ಮೊಕದ್ದಮೆ ನಡೆಸಿದರೆ ಸರ್ಕಾರದ ಮೊದಲ ಕಾಗದವೂ ನ್ಯಾಯಾಲಯದಲ್ಲಿ ಹೊರಬೀಳುತ್ತದೆ ಎಂಬುದನ್ನು ಇಬ್ಬರೂ ಬಲ್ಲೆವು. ನನಗೆ ಬಿಡುಗಡೆಯಾಯಿತೆಂದು ಅನ್ನಿಸಲಿಲ್ಲ. ಕಾರ್ಖಾನೆಯ ತಂತಿಗಳೆಲ್ಲ ಆಗಲೇ ಸಾದಾ ಇಂಗ್ಲಿಷಿನಲ್ಲಿ ಹೋಗುತ್ತಿದ್ದವು. ಅವುಗಳನ್ನು ಧಣಿಗಳು ತಾವೇ ಬರೆಯುತ್ತಿದ್ದರು.

ಸೆಪ್ಟೆಂಬರಿನಲ್ಲಿ ಅಣ್ಣ ಹೇಳಿಕಳುಹಿಸಿದರು: ತಮ್ಮ ಬೊಂಬಾಯಿಗೆ ಬಂದಿಳಿದು ಅಲ್ಲಿಂದ ಮನೆ ತಲುಪಿದ್ದಾನೆ, ನಿಮ್ಮನ್ನು ನೋಡಬೇಕಂತೆ.

ಅವನು ಅಂಗಡಿಯ ಹಗ್ಗದ ಸುರುಳಿಗಳ ನಡುವೆ ಸ್ಟೂಲಿನ ಮೇಲೆ ಕುಳಿತಿದ್ದ. ಮೊದಲು ನನಗೆ ಗುರುತಾಗಲಿಲ್ಲ. ಎದ್ದು ನಿಂತು, ಶಾಲೆಯಲ್ಲಿ ನಿಲ್ಲುತ್ತಿದ್ದಂತೆ ಕೈಕಟ್ಟಿದ. ಉಟ್ಟ ಬಟ್ಟೆಯಲ್ಲಿ ಹೊರಡಿಸಿದ್ದರು. ಐದು ವರ್ಷಗಳಲ್ಲಿ ಅಲ್ಲಿ ಮಾಡಿದ್ದೆಲ್ಲ ಅಲ್ಲಿಯೇ ಉಳಿದಿತ್ತು. ಜೂನ್ ತಿಂಗಳಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಸೆರೆಮನೆಯಿಂದ ಶಿಬಿರಕ್ಕೆ ತಂದರೆಂದೂ, ಕಾರಣ ಯಾರೂ ಹೇಳಲಿಲ್ಲವೆಂದೂ, ಆಮೇಲೆ ಉಳಿದವರೊಡನೆ ಹಡಗು ಹತ್ತಿಸಿದರೆಂದೂ ಹೇಳಿದ. ನನ್ನ ಎರಡನೆಯ ಹೇಳಿಕೆ ಅಲ್ಲಿಗೆ ತಲುಪಿತ್ತೋ ಇಲ್ಲವೋ ಇಂದಿಗೂ ನಾನರಿಯೆ. ಪ್ರಾಯಶಃ ಸೈನಿಕರನ್ನು ಬಿಟ್ಟ ಕಾರಣಕ್ಕೇ ಅವನನ್ನೂ ಬಿಟ್ಟರು. ಅವನನ್ನು ಬಿಡಿಸಿದವನು ನಾನೆಂದು ಎಂದೂ ಹೇಳಿಕೊಳ್ಳಲಾರೆ.

ನಾನು ಏನು ಹೇಳಬೇಕೆಂದು ಸಿದ್ಧಮಾಡಿಕೊಂಡು ಹೋಗಿದ್ದೆನೋ ಅದನ್ನು ಆರಂಭಿಸುವ ಮೊದಲೇ ಅವನು ಕೇಳಿದ:

“ಆ ಮೂರನೇ ಶಬ್ದ ಉಂಟಲ್ಲ ಮಾಷ್ಟ್ರೇ, ಅದರ ಅರ್ಥ ಎಂತ?”

ತಿಂಗಳುಗಟ್ಟಲೆ ಅವನನ್ನು ಅದನ್ನೇ ಕೇಳಿದ್ದರು. ಯಾರೊಬ್ಬರೂ ಅವನಿಗೆ ಹೇಳಿರಲಿಲ್ಲ. ನಾನು ಹೇಳಿದೆ. ಪುರವಣಿಯ ವಾಕ್ಯವನ್ನು ಇದ್ದಂತೆಯೇ ಹೇಳಿದೆ. ಆಮೇಲೆ ಪ್ರಮಾಣಪತ್ರದ ವಿಷಯ, ಬದಲಾಯಿಸಿದ ಹಾಳೆಯ ವಿಷಯ, ಎಲ್ಲವನ್ನೂ ಹೇಳಿದೆ. ಅಣ್ಣ ತಕ್ಕಡಿಯನ್ನು ಹಿಡಿದವರು ಹಾಗೆಯೇ ನಿಂತಿದ್ದರು.

“ಯುದ್ಧ ಆಗ್ತದೆ ಅಂತವಾ?” ಎಂದ ಅವನು. “ಅದು ಅಲ್ಲಿ ಎಲ್ಲರಿಗೂ ಗೊತ್ತಿತ್ತು ಮಾಷ್ಟ್ರೇ. ದಿನಾ ರೇಡಿಯೋದಲ್ಲಿ ಬರ್ತಿತ್ತು. ನಾನು ಆವಾಗಲೇ ಹೇರ್ಲಿಕ್ಕೆ ಶುರು ಮಾಡಿದ್ದೆ. ಈ ಶಬ್ದ ಎಂತದೂಂತ ಗೊತ್ತಾಗದೆ, ಏನೋ ಬೇರೆ ಹೇಳ್ತಿದ್ದಾರೆ ಅಂತ ಎರಡು ದಿನ ನಿಲ್ಲಿಸಿದೆ. ಅಷ್ಟರಲ್ಲಿ ಹಡಗು ಹೋಯ್ತು.”

ಅವನ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ನಡೆದದ್ದನ್ನು ಕ್ರಮವಾಗಿ ಒಪ್ಪಿಸಿದ, ಅಷ್ಟೇ. ಆ ಹಡಗಿನಲ್ಲಿ ತಾನೂ ಹೊರಟುಬಿಡುವುದೆಂದು ಯೋಚಿಸಿದ್ದೆನೆಂದು ಆಮೇಲೆ ಸೇರಿಸಿದ. ಅಣ್ಣ ತಕ್ಕಡಿಯನ್ನು ಮೆಲ್ಲನೆ ಕೆಳಗಿಟ್ಟು, ನನ್ನ ಕಡೆ ನೋಡದೆ ಗಿರಾಕಿಯೊಬ್ಬನಿಗೆ ಮೀನು ಕಟ್ಟತೊಡಗಿದರು.

ಹೊರಡುವಾಗ ಅವನು ಒಂದೇ ಒಂದನ್ನು ಕೇಳಿದ. ಒಳಗೆ ಉಮ್ಮ ಇದ್ದಾರೆ, ಅವರಿಗೆ ನೀವು ಹೇಳಬೇಕು. ನಾನು ಹೇಳಿದರೆ ಅದು ಮಗ ಹೇಳಿದ ಮಾತಾಗುತ್ತದೆ ಎಂದ.

ಅಂಗಡಿಯ ಹಿಂದಿನ ಮನೆಗೆ ಹೋಗಿ, ಮಾರ್ಚಿನಲ್ಲಿ ಕುಳಿತಿದ್ದ ಚಾವಡಿಯಲ್ಲಿಯೇ ನಿಂತೆ. ಪರದೆಯ ಹಿಂದೆ ಬಳೆಯ ಸದ್ದಾಯಿತು. ತುಳುವಿನಲ್ಲಿ, ನನಗೆ ತಿಳಿದ ಅತ್ಯಂತ ಸರಳವಾದ ಮಾತುಗಳಲ್ಲಿ ಹೇಳಿದೆ: “ನಿಮ್ಮ ಮಗ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವನು ನಾನು.”



“ಇಷ್ಟು ಹೇಳ್ಲಿಕ್ಕೆ ನಿಮಗೆ ಇಷ್ಟು ತಿಂಗಳು ಬೇಕಾಯ್ತಾ ಮಾಷ್ಟ್ರೇ?” ಎಂದರು ಅವರು.

ಹೌದೆಂದೆ. ಆ ದಿನ ೧೯೬೨ನೆಯ ಇಸವಿ ಸೆಪ್ಟೆಂಬರ್ ಹದಿನಾಲ್ಕು.